ಎಂಬತ್ತು ಸೋಲಿನ ಲೆಕ್ಕ

ಭಾಗ 1/9

ಇಂಟರ್ನಲ್ಸ್ ಮುಗೀತು, ಕೊಟ್ಟ ಮಾತಿನಂತೆ ಹೊಸ ಸರಣಿ ಶುರು ಮಾಡ್ತಿದ್ದೀನಿ. ಈ ಸಲ ರಾಜರಿಲ್ಲ, ಯುದ್ಧ ಇಲ್ಲ. ಒಂದು ಕಾಲೇಜ್ ಟೀಮಿನ ಕಥೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಕಾಲೇಜ್ ಟೀಮ್ ಸತತವಾಗಿ ಎಷ್ಟು ಮ್ಯಾಚ್ ಸೋತರೆ ನೀವು ನೋಡೋಕೆ ಹೋಗೋದನ್ನ ಬಿಡ್ತೀರ? ಮೂರು? ಐದು?

ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮ್ ಈ ವರ್ಷ ಆಡಿದ ನಾಲ್ಕೂ ಮ್ಯಾಚ್ ಸೋತಿತು. ಕೊನೇ ಮ್ಯಾಚಿಗೆ ನೋಡೋಕೆ ಹೋದವರು ಏಳೇ ಜನ, ಅದರಲ್ಲಿ ಇಬ್ಬರು ಬ್ಯಾಗ್ ಕಾಯೋಕೆ ಬಂದವರು. ವಾಪಸ್ ಬರುವಾಗ ಬಸ್ಸಲ್ಲಿ ನಮ್ಮ ಗೋಲ್‌ಕೀಪರ್ ನನ್ನ ಪಕ್ಕ ಕೂತಿದ್ದ. ಹತ್ತನೇ ಕ್ಲಾಸಿಂದ ಗೆಳೆಯ. ಅರ್ಧ ದಾರಿ ಮಾತೇ ಆಡಲಿಲ್ಲ. ಆಮೇಲೆ ಕೇಳಿದ, "ಲೋ, ನಾವು ನಿಜವಾಗ್ಲೂ ಅಷ್ಟು ಕೆಟ್ಟ ಟೀಮಾ? ಇಲ್ಲ ನಮ್ಮ ಹತ್ರ ಏನೂ ಇಲ್ದೇ ಇರೋದಕ್ಕೆ ಹಿಂಗಾಗ್ತಿದ್ಯಾ?"

ಪ್ರಾಕ್ಟೀಸಿಗೆ ಇರೋದು ಎರಡು ಬಾಲು. ಜರ್ಸಿ ಸೀನಿಯರ್‌ಗಳು ಬಿಟ್ಟು ಹೋದದ್ದು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಬಿಡೋ, ಮುಂದಿನ ವರ್ಷ ನೋಡೋಣ" ಅಂತ ಏನೋ ಹೇಳಿ ಸುಮ್ಮನಾದೆ.

ಆದರೆ ಅದೇ ಪ್ರಶ್ನೆಯನ್ನ ಒಂದು ಕಾಲೇಜು ಹತ್ತಿರ ಹತ್ತಿರ ಒಂಬತ್ತು ವರ್ಷ ಕೇಳಿಕೊಂಡಿತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ರೇರಿ ವ್ಯೂ ಎ ಅಂಡ್ ಎಂ ವಿಶ್ವವಿದ್ಯಾಲಯ. 1989ರಿಂದ 1998ರವರೆಗೆ ಅವರ ಟೀಮ್ ಸತತವಾಗಿ ಸೋತ ಪಂದ್ಯಗಳು 80. ಹೌದು, ಎಂಬತ್ತು. ಅಮೆರಿಕದ ಕಾಲೇಜು ಫುಟ್‌ಬಾಲ್ ಚರಿತ್ರೆಯಲ್ಲಿ ಅಷ್ಟು ಉದ್ದದ ಸೋಲು ಬೇರೆ ಯಾರದ್ದೂ ಇಲ್ಲ.

ನಾನು ಬಿಕಾಂ ಓದುವವನು. ನಷ್ಟ ಕಂಡ್ರೆ ಅದು ಎಲ್ಲಿಂದ ಬಂತು ಅಂತ ಹಿಂದಿನ ಪುಟ ತಿರುಗಿಸಿ ನೋಡು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಹಾಗೇ ತಿರುಗಿಸ್ತಾ ಹೋದೆ. 1989ರಲ್ಲಿ ಶುರುವಾಯ್ತು ಅಂದ್ಕೊಂಡಿದ್ದು 1876ಕ್ಕೆ ಹೋಗಿ ನಿಂತಿತು.

ಬನ್ನಿ, ಅಲ್ಲಿಂದಲೇ ನೋಡೋಣ.

ಭಾಗ 2/9

ಮೊದಲು ಆಟದ ಬಗ್ಗೆ ಎರಡು ಮಾತು, ಯಾಕಂದ್ರೆ ಇದು ನಾವು ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡ್ತಾರಲ್ಲ, ಅದು. ಎರಡೂ ಕಡೆ 11 ಜನ. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒಂದು ಕಿಕ್ ಸರಿಯಾಗಿ ಹೋದರೆ ಇನ್ನೊಂದು. ಅಂದ್ರೆ ಸಾಮಾನ್ಯವಾಗಿ ಒಂದು ಸಲಕ್ಕೆ 7. ಇಷ್ಟು ನೆನಪಿಟ್ಟುಕೊಳ್ಳಿ, ಸಾಕು.

ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಾಸಲ್ಲಿ, ಕಾಲೇಜು ಫುಟ್‌ಬಾಲ್ ಅಂದ್ರೆ ನಮ್ಮಲ್ಲಿ ಊರ ಜಾತ್ರೆ ಇದ್ದ ಹಾಗೆ. ಶನಿವಾರ ಬಂದ್ರೆ ಇಡೀ ಊರು ಸ್ಟೇಡಿಯಂ ಕಡೆ ಹೋಗುತ್ತೆ. ಕೆಲವು ಕಾಲೇಜುಗಳ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರಬಹುದು. ಟಿಕೆಟ್, ಟಿವಿ, ಹಳೇ ವಿದ್ಯಾರ್ಥಿಗಳ ದೇಣಿಗೆ, ಎಲ್ಲದರಿಂದ ದುಡ್ಡು ಬರುತ್ತೆ.

ಈಗ ಪ್ರೇರಿ ವ್ಯೂ. ಹ್ಯೂಸ್ಟನ್ ನಗರದಿಂದ ವಾಯವ್ಯಕ್ಕೆ ಸುಮಾರು 75 ಕಿಲೋಮೀಟರ್. ಕಾಲೇಜು ನಿಂತಿರೋ ಜಾಗ ಹಿಂದೆ ಆಲ್ಟಾ ವಿಸ್ಟಾ ಅನ್ನೋ ಪ್ಲಾಂಟೇಶನ್. ಅಂದ್ರೆ ಕಪ್ಪು ಜನರನ್ನ ಗುಲಾಮರಾಗಿ ದುಡಿಸಿಕೊಂಡ ಜಮೀನು. ಗುಲಾಮಗಿರಿ ಹೋಗಿ ಹನ್ನೊಂದು ವರ್ಷ ಆದಮೇಲೆ, 1876ರಲ್ಲಿ, ಟೆಕ್ಸಾಸ್ ಶಾಸನಸಭೆ ಕಪ್ಪು ವಿದ್ಯಾರ್ಥಿಗಳಿಗೆ ಅಂತ ಪ್ರತ್ಯೇಕ ಕಾಲೇಜು ಸ್ಥಾಪಿಸಿತು. 1878ರಲ್ಲಿ ಪಾಠ ಶುರುವಾದಾಗ ಇದ್ದದ್ದು 8 ಜನ ಹುಡುಗರು.

"ಪ್ರತ್ಯೇಕ" ಅನ್ನೋ ಪದದ ಮೇಲೆ ಬೆರಳಿಡಿ. ಬಿಳಿಯರ ಕಾಲೇಜಿಗೆ ಕಪ್ಪು ಹುಡುಗ ಸೇರುವ ಹಾಗಿಲ್ಲ, ಅದಕ್ಕೇ ಬೇರೆ ಕಾಲೇಜು. ಊರಾಚೆ ಬೇರೆ ಬಾವಿ ತೋಡಿಸಿಕೊಟ್ಟು "ನೋಡಿ, ನಿಮಗೂ ನೀರು ಕೊಟ್ಟಿದ್ದೀವಲ್ಲ" ಅಂದ ಹಾಗೆ. ನಮ್ಮ ದೇಶದಲ್ಲಿ ಇದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದೇ 1876ರಲ್ಲಿ ಟೆಕ್ಸಾಸ್ ಸಂವಿಧಾನ ಇನ್ನೊಂದು ಕೆಲಸ ಮಾಡಿತು. ಸರ್ಕಾರಿ ಜಮೀನುಗಳನ್ನ ತೆಗೆದಿಟ್ಟು ವಿಶ್ವವಿದ್ಯಾಲಯಕ್ಕೆ ಅಂತ ಒಂದು ಶಾಶ್ವತ ನಿಧಿ ಮಾಡಿತು. ಆ ಜಮೀನು ಆಗ ಬರಡು. 1923ರಲ್ಲಿ ಅಲ್ಲಿ ಪೆಟ್ರೋಲ್ ಸಿಕ್ಕಿತು!

ಆ ದುಡ್ಡು ಯಾರಿಗೆ ಹೋಯ್ತು? ಅದು ಐದನೇ ಭಾಗಕ್ಕೆ. ಮೊದಲು ಈ ಟೀಮ್ ಗೆಲ್ಲುತ್ತಿದ್ದ ಕಾಲ ನೋಡಿ.

ಭಾಗ 3/9

80 ಸೋತ ಟೀಮ್ ಅಂದ ತಕ್ಷಣ ನಾವು ಏನು ಅಂದ್ಕೊಳ್ತೀವಿ? ಮೊದಲಿಂದ್ಲೂ ಇವರಿಗೆ ಆಟ ಬರ್ತಿರಲಿಲ್ಲ ಅಂತ.

ಉಲ್ಟಾ.

ಬಿಲ್ಲಿ ನಿಕ್ಸ್ ಅಂತ ಒಬ್ಬ ಕೋಚ್ ಇದ್ದರು. ಅವರ ಕೈಕೆಳಗೆ ಪ್ರೇರಿ ವ್ಯೂ ಪ್ಯಾಂಥರ್ಸ್ ತಂಡ ಕಪ್ಪು ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್ ಅನ್ನಿಸಿಕೊಂಡಿದ್ದು ಐದು ಸಲ: 1953, 1954, 1958, 1963, 1964. ಹನ್ನೆರಡು ವರ್ಷದಲ್ಲಿ ಐದು.

ಅಲ್ಲಿಂದ ಬಂದ ಆಟಗಾರರನ್ನ ನೋಡಿ. ಓಟಿಸ್ ಟೇಲರ್, ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ಹೋದವರು. 1970ರ ಜನವರಿಯಲ್ಲಿ ನಡೆದ ನಾಲ್ಕನೇ ಸೂಪರ್ ಬೌಲ್‌ನಲ್ಲಿ ಚೀಫ್ಸ್ 23–7ರಿಂದ ಗೆದ್ದಾಗ, ಚೆಂಡು ಹಿಡಿದು ಎದುರಾಳಿಗಳನ್ನ ಕೊಡವಿಕೊಂಡು 46 ಗಜದ ಟಚ್‌ಡೌನ್ ಮಾಡಿದವರು ಇವರೇ. ಇನ್ನೊಬ್ಬರು ಕೆನ್ ಹ್ಯೂಸ್ಟನ್. 1967ರಲ್ಲಿ ಒಂಬತ್ತನೇ ಸುತ್ತಿನವರೆಗೂ ಯಾವ ತಂಡವೂ ಆರಿಸಿಕೊಳ್ಳದ ಹುಡುಗ. 1986ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿದರು.

ಇಷ್ಟೊಳ್ಳೆ ಆಟಗಾರರು ಅಷ್ಟು ಚಿಕ್ಕ ಊರಿನ ಕಾಲೇಜಿಗೆ ಯಾಕೆ ಬರ್ತಿದ್ದರು?

ಯಾಕಂದ್ರೆ ಬೇರೆ ಕಡೆ ಬಾಗಿಲು ಹಾಕಿತ್ತು. ಟೆಕ್ಸಾಸಿನ ಯಾವ ಮೂಲೆಯಲ್ಲೇ ಹುಟ್ಟಿದ ಕಪ್ಪು ಹುಡುಗ ಆಗಲಿ, ಎಷ್ಟೇ ಚೆನ್ನಾಗಿ ಆಡಲಿ, ದೊಡ್ಡ ದೊಡ್ಡ ಬಿಳಿ ಕಾಲೇಜುಗಳು ಅವನನ್ನ ತಂಡಕ್ಕೆ ತಗೊಳ್ತಿರಲಿಲ್ಲ. ರಾಜ್ಯದಲ್ಲೇ ಉಳಿದು ಆಡಬೇಕು ಅಂದ್ರೆ ಪ್ರೇರಿ ವ್ಯೂ ಥರದ ಕೆಲವೇ ಕಾಲೇಜು.

ಅಂದ್ರೆ ನಿಕ್ಸ್ ಅವರ ಟೀಮಿನ ಬಲದಲ್ಲಿ ಒಂದು ಪಾಲು ಅವರ ಕೋಚಿಂಗ್, ಇನ್ನೊಂದು ಪಾಲು ಆಚೆ ಇದ್ದ ಅನ್ಯಾಯ. ಇದನ್ನ ಬರೆಯುವಾಗ ನನಗೂ ಒಂಥರಾ ಆಯ್ತು. ಆದರೆ ಲೆಕ್ಕ ಬರೆಯೋಕೆ ಕೂತಮೇಲೆ ಎರಡೂ ಕಡೆ ಬರೀಲೇಬೇಕು.

1964ರ ಗೆಲುವಿನ ರಾತ್ರಿ ಕುಣಿದವರಿಗೆ ಒಂದು ವಿಷಯ ಗೊತ್ತಿರೋಕೆ ಸಾಧ್ಯ ಇರಲಿಲ್ಲ. ಮುಂದಿನ ಚಾಂಪಿಯನ್‌ಶಿಪ್ ನೋಡೋಕೆ ಅವರು 45 ವರ್ಷ ಕಾಯಬೇಕಿತ್ತು.

ಭಾಗ 4/9

1950ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಕಪ್ಪು ವಿದ್ಯಾರ್ಥಿಯನ್ನ ಸೇರಿಸಿಕೊಳ್ಳಲೇಬೇಕು ಅಂತ ತೀರ್ಪು ಕೊಟ್ಟಿತು. 1954ರಲ್ಲಿ ಬ್ರೌನ್ ಪ್ರಕರಣದಲ್ಲಿ, ಪ್ರತ್ಯೇಕ ಶಾಲೆ ಅನ್ನೋದೇ ಸಮಾನತೆಗೆ ವಿರುದ್ಧ ಅಂತು.

ಕ್ಲಾಸ್‌ರೂಮಿನ ಬಾಗಿಲು ಹೀಗೆ ನಿಧಾನಕ್ಕೆ ತೆಗೀತು. ಗ್ರೌಂಡಿನ ಗೇಟು ಇನ್ನೂ ತಡ. 1966ರಲ್ಲಿ ಜೆರಿ ಲೆವಿಯಸ್ ಅನ್ನೋ ಆಟಗಾರ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ ಆಡಿದರು. ಟೆಕ್ಸಾಸಿನ ದೊಡ್ಡ ಕಾಲೇಜುಗಳಿದ್ದ ಲೀಗಿನಲ್ಲಿ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ ಅವರು. ಊರು ಬೋಮಾಂಟ್. ಈ ಊರಿನ ಹೆಸರು ನೆನಪಿಡಿ, ಎಂಟನೇ ಭಾಗದಲ್ಲಿ ಮತ್ತೆ ಬರುತ್ತೆ.

ಆದರೂ 1969ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಪೂರ್ತಿ ಬಿಳಿಯರೇ ಇದ್ದ ಕೊನೆಯ ಚಾಂಪಿಯನ್ ತಂಡ ಅದು. ಮರುವರ್ಷ ಜೂಲಿಯಸ್ ವಿಟ್ಟಿಯರ್ ಅಲ್ಲಿ ಆಡಿದರು. ಆಮೇಲೆ ಗೇಟು ಪೂರ್ತಿ ತೆಗೀತು.

ಇದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೇರಿ ವ್ಯೂ ಕಡೆಯಿಂದ ನೋಡಿ. ಹಿಂದೆ ಅವರ ಹತ್ತಿರ ಬರಲೇಬೇಕಿದ್ದ ಹುಡುಗರಿಗೆ ಈಗ ಒಂದು ಲಕ್ಷ ಜನ ಕೂರೋ ಸ್ಟೇಡಿಯಂ ಇರೋ ಕಾಲೇಜು ಕರೀತಿದೆ. ಟಿವಿಯಲ್ಲಿ ಬರ್ತೀಯಾ ಅಂತಿದೆ. ನೀವಾಗಿದ್ದರೆ ಎಲ್ಲಿಗೆ ಹೋಗ್ತಿದ್ದಿರಿ? ನಾನಂತೂ ಟಿವಿ ಕಡೆಗೇ.

ಇಲ್ಲಿ ನಾವು ಒಂದು ತಪ್ಪು ಮಾಡಬಾರದು. "ನೋಡಿ, ಬೆರೆತಿದ್ದಕ್ಕೇ ಕಪ್ಪು ಕಾಲೇಜು ಹಾಳಾಯ್ತು" ಅಂತ ಕೆಲವರು ಸುಲಭವಾಗಿ ಹೇಳಿಬಿಡ್ತಾರೆ. ಹಾಗಾದ್ರೆ ಉಳಿದ ಕಪ್ಪು ಕಾಲೇಜುಗಳು? ವಾಲ್ಟರ್ ಪೇಟನ್ 1970ರ ದಶಕದಲ್ಲಿ ಜಾಕ್ಸನ್ ಸ್ಟೇಟ್‌ಗೆ ಆಡಿದರು. ಜೆರಿ ರೈಸ್ 1980ರ ದಶಕದಲ್ಲಿ ಮಿಸ್ಸಿಸ್ಸಿಪ್ಪಿ ವ್ಯಾಲಿ ಸ್ಟೇಟ್‌ಗೆ. ಇಬ್ಬರೂ ಈ ಆಟ ಕಂಡ ಅತಿ ದೊಡ್ಡ ಹೆಸರುಗಳು, ಎರಡೂ ಪ್ರೇರಿ ವ್ಯೂ ಆಡುತ್ತಿದ್ದ ಅದೇ ಲೀಗಿನ ಕಪ್ಪು ಕಾಲೇಜುಗಳು.

ಅಂದ್ರೆ ಗೇಟು ತೆಗೆದ ಮೇಲೂ ನಿಲ್ಲೋಕೆ ಸಾಧ್ಯ ಇತ್ತು. ಕೈಯಲ್ಲಿ ಸ್ವಲ್ಪ ದುಡ್ಡು, ಕೊಡೋಕೆ ಸ್ಕಾಲರ್‌ಶಿಪ್ ಇದ್ದರೆ. 1976ರ ನಂತರ ಪ್ರೇರಿ ವ್ಯೂಗೆ ಗೆಲುವು ಸೋಲಿಗಿಂತ ಹೆಚ್ಚಿದ್ದ ಸೀಸನ್ ಒಂದೂ ಸಿಗಲಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನನ್ನ ಸಬ್ಜೆಕ್ಟು.

ಭಾಗ 5/9

ಎರಡನೇ ಭಾಗದಲ್ಲಿ ಹೇಳಿದ ಆ ಶಾಶ್ವತ ನಿಧಿ ನೆನಪಿದೆಯಾ? ಬರಡು ಜಮೀನಲ್ಲಿ ಪೆಟ್ರೋಲ್ ಸಿಕ್ಕಿದ್ದು?

1931ರಲ್ಲಿ ಅದರ ಆದಾಯ ಹಂಚಿದರು. ಮೂರರಲ್ಲಿ ಎರಡು ಪಾಲು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ, ಒಂದು ಪಾಲು ಟೆಕ್ಸಾಸ್ ಎ ಅಂಡ್ ಎಂಗೆ. ಪ್ರೇರಿ ವ್ಯೂ ಕಾಗದದ ಮೇಲೆ ಈ ಟೆಕ್ಸಾಸ್ ಎ ಅಂಡ್ ಎಂ ವ್ಯವಸ್ಥೆಗೇ ಸೇರಿದ ಕಾಲೇಜು. ಒಂದೇ ಮನೆ. ಆದರೆ ಆ ನಿಧಿಯಲ್ಲಿ ಹೆಸರು ಹಿಡಿದು ಪ್ರೇರಿ ವ್ಯೂಗೂ ಪಾಲು ಅಂತ ಸಂವಿಧಾನದಲ್ಲಿ ಬರೆದದ್ದು 1984ರ ತಿದ್ದುಪಡಿಯಲ್ಲಿ. 1876ರಿಂದ 1984. ನೂರಾ ಎಂಟು ವರ್ಷ.

ಬಿಕಾಂ ಮೊದಲ ಸೆಮ್‌ನಲ್ಲೇ ಹೇಳಿಕೊಡ್ತಾರೆ. ಒಂದು ಅಂಗಡಿಯ ಈ ವರ್ಷದ ಲಾಭ-ನಷ್ಟ ನೋಡಿ ತೀರ್ಮಾನ ಮಾಡಬೇಡ, ಬ್ಯಾಲೆನ್ಸ್ ಶೀಟ್ ನೋಡು ಅಂತ. ಬಂಡವಾಳ ಎಷ್ಟಿತ್ತು, ಯಾರು ಎಷ್ಟು ಹಾಕಿದ್ದರು, ಇನ್ನೂ ಏನು ಬರಬೇಕಿದೆ. ಸ್ಕೋರ್‌ಬೋರ್ಡ್ ಅನ್ನೋದು ಲಾಭ-ನಷ್ಟದ ಪುಟ ಮಾತ್ರ. ಪ್ರೇರಿ ವ್ಯೂನ ಬ್ಯಾಲೆನ್ಸ್ ಶೀಟಲ್ಲಿ ನೂರು ವರ್ಷದಿಂದ ಬರಬೇಕಾದದ್ದು ಬಂದಿರಲಿಲ್ಲ.

ಹಾಗಂತ ಒಳಗಡೆ ತಪ್ಪೇ ಇರಲಿಲ್ಲ ಅಂತ ಹೇಳ್ತಿಲ್ಲ. 1980ರ ದಶಕದ ಕೊನೆಗೆ ಕ್ರೀಡಾ ವಿಭಾಗದ ಲೆಕ್ಕ ಕೆಟ್ಟು ಹೋಗಿತ್ತು. ದುಡ್ಡು ಇರಲಿಲ್ಲ, ಇದ್ದ ದುಡ್ಡಿನ ನಿರ್ವಹಣೆಯೂ ಸರಿ ಇರಲಿಲ್ಲ. ಕಮ್ಮಿ ಸಂಬಳದ ಮನೆಯಲ್ಲಿ ಲೆಕ್ಕ ತಪ್ಪಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಶ್ರೀಮಂತರ ಮನೆಯಲ್ಲಿ ಅದೇ ತಪ್ಪು ಯಾರಿಗೂ ಕಾಣೋದೇ ಇಲ್ಲ.

1989ರಲ್ಲಿ ಜೂಲಿಯಸ್ ಬೆಕ್ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ ಬಂದರು. ಅಲ್ಲಿಯೇ ಓದಿದವರು, ಅಮೆರಿಕದ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾದವರು. ಅವರ ಕಾಲದಲ್ಲೇ 1990ರ ಫುಟ್‌ಬಾಲ್ ಸೀಸನ್ ಪೂರ್ತಿ ರದ್ದಾಯಿತು. ಒಂದು ವರ್ಷ ಆಟವೇ ಇಲ್ಲ.

1991ರಲ್ಲಿ ಟೀಮ್ ವಾಪಸ್ ಬಂತು. ಒಂದು ಷರತ್ತಿನ ಮೇಲೆ. ಫುಟ್‌ಬಾಲಿಗೆ ಅಂತ ಯಾರಿಗೂ ಸ್ಕಾಲರ್‌ಶಿಪ್ ಇಲ್ಲ.

ಆಮೇಲೆ ಆಗಿದ್ದಕ್ಕೆಲ್ಲ ಈ ಒಂದು ವಾಕ್ಯವೇ ಕಾರಣ.

ಭಾಗ 6/9

ಸ್ಕಾಲರ್‌ಶಿಪ್ ಇಲ್ಲ ಅಂದ್ರೆ ಏನು?

ಅಮೆರಿಕದಲ್ಲಿ ಕಾಲೇಜಿನ ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲಾ ಸೇರಿದರೆ ಬಡ ಮನೆಯ ಹುಡುಗನಿಗೆ ಆಗೋ ಮಾತಲ್ಲ. ಚೆನ್ನಾಗಿ ಆಡುವವನಿಗೆ ಕಾಲೇಜು ಅದನ್ನೆಲ್ಲ ಕೊಡುತ್ತೆ. ಪ್ರೇರಿ ವ್ಯೂ ಇದ್ದ ದರ್ಜೆಯಲ್ಲಿ ಒಂದು ಫುಟ್‌ಬಾಲ್ ತಂಡ 63ರವರೆಗೆ ಸ್ಕಾಲರ್‌ಶಿಪ್ ಕೊಡಬಹುದು ಅಂತ 1990ರ ದಶಕದ ನಿಯಮ ಇತ್ತು. ಎದುರಾಳಿಗಳು ಕೊಡ್ತಿದ್ದರು. ಇವರದ್ದು ಸೊನ್ನೆ.

ಅಂದ್ರೆ ಆ ಜರ್ಸಿ ಹಾಕಿದ ಪ್ರತಿ ಹುಡುಗನೂ ಆಡೋದಕ್ಕೆ ಒಂದು ಪೈಸೆ ಪಡೆಯದೆ ಆಡಿದವನು. ಬೇರೆ ಎಲ್ಲ ವಿದ್ಯಾರ್ಥಿಗಳ ಹಾಗೆ ಫೀಸು ಹೊಂದಿಸಿಕೊಂಡು, ಓದಿಕೊಂಡು, ಸಂಜೆ ಬಂದು ಪ್ರಾಕ್ಟೀಸ್ ಮಾಡಬೇಕು. ಶನಿವಾರ ತನಗಿಂತ ದಪ್ಪ, ತನಗಿಂತ ಜೋರು, ಅದಕ್ಕೆಂದೇ ಆರಿಸಿ ತಂದ ಆಟಗಾರರ ಎದುರು ನಿಲ್ಲಬೇಕು.

1991ರ ಸೀಸನ್ನಿನ ಲೆಕ್ಕ ಇಲ್ಲಿದೆ.

ಆಡಿದ್ದು: 11
ಗೆದ್ದದ್ದು: 0
ಗಳಿಸಿದ ಅಂಕ: 48
ಬಿಟ್ಟುಕೊಟ್ಟ ಅಂಕ: 617

ಸರಾಸರಿ ತೆಗೆದರೆ ಒಂದು ಪಂದ್ಯಕ್ಕೆ 56ರಷ್ಟು ಬಿಟ್ಟುಕೊಟ್ಟು 4ಕ್ಕಿಂತ ಸ್ವಲ್ಪ ಹೆಚ್ಚು ಗಳಿಸಿದ್ದು. ಅಲಬಾಮಾ ಸ್ಟೇಟ್ ಎದುರು 92–0.

ಈ 92ನ್ನ ಸ್ವಲ್ಪ ಬಿಡಿಸಿ ನೋಡಿ. ಟಚ್‌ಡೌನಿಗೆ 7 ಅಂತ ಹಿಡಿದರೆ ಹದಿಮೂರು ಸಲ ಎದುರಾಳಿ ಗೆರೆ ದಾಟಿದ ಹಾಗೆ. ಆಟ 60 ನಿಮಿಷದ್ದು. ಅಂದ್ರೆ ಸುಮಾರು ನಾಲ್ಕೂವರೆ ನಿಮಿಷಕ್ಕೆ ಒಂದು. ಒಂದು ಸಲ ಸೋತು, ಎದ್ದು, ಹೆಲ್ಮೆಟ್ ಸರಿ ಮಾಡ್ಕೊಂಡು ಜಾಗಕ್ಕೆ ಬಂದು ನಿಲ್ಲುವಷ್ಟರಲ್ಲಿ ಇನ್ನೊಂದು.

ಅಂಥ ಪಂದ್ಯದ ಕೊನೆಯ ಹತ್ತು ನಿಮಿಷ ಹೇಗಿದ್ದಿರಬಹುದು ಅಂತ ಯೋಚಿಸ್ತಾ ಇದ್ದೆ. ಗೆಲ್ಲೋ ಆಸೆ ಮುಗಿದು ಎಷ್ಟೋ ಹೊತ್ತಾಗಿದೆ. ಆದರೂ ಬಾಲ್ ಬಂದಾಗ ಓಡಬೇಕು, ಮೈಮೇಲೆ ಬೀಳೋರನ್ನ ತಡೀಬೇಕು. ಇದು ಪೆಟ್ಟಾಗೋ ಆಟ. ಮನಸ್ಸಿಲ್ಲದೆ ಆಡಿದರೆ ಇನ್ನೂ ಜಾಸ್ತಿ ಪೆಟ್ಟಾಗುತ್ತೆ.

ಆ ಹುಡುಗರು ಮುಂದಿನ ಶನಿವಾರ ಮತ್ತೆ ಬಸ್ ಹತ್ತಿದರು. 11 ಪಂದ್ಯವನ್ನೂ ಆಡಿ ಮುಗಿಸಿದರು. ಒಂದನ್ನೂ ಬಿಡಲಿಲ್ಲ.

ಭಾಗ 7/9

ಕೊನೇ ಗೆಲುವು ಯಾವಾಗಿತ್ತು? 1989ರ ಅಕ್ಟೋಬರ್ 28. ಮಿಸ್ಸಿಸ್ಸಿಪ್ಪಿ ವ್ಯಾಲಿ ಸ್ಟೇಟ್ ಎದುರು 21–12. ಆವತ್ತು ಗ್ರೌಂಡಿನಲ್ಲಿ ಇದ್ದ ಯಾರಿಗೂ ಅದು ವಿಶೇಷ ದಿನ ಅನ್ನಿಸಿರಲಿಕ್ಕಿಲ್ಲ.

ಆಮೇಲೆ 1991 ಪೂರ್ತಿ ಸೋಲು. 1992, 1993, 1994 ಹಾಗೇ. 1991ರಲ್ಲಿ ಸೇರಿ ನಾಲ್ಕು ಸೀಸನ್ ಆಡಿ ಡಿಗ್ರಿ ಮುಗಿಸಿದ ಹುಡುಗ ಒಂದೇ ಒಂದು ಗೆಲುವನ್ನೂ ನೋಡದೆ ಮನೆಗೆ ಹೋದ. ಅವನ ಜಾಗಕ್ಕೆ ಹೊಸಬ ಬಂದ. ಅವನಿಗೂ 1995, 1996, 1997ರಲ್ಲಿ ಅದೇ.

ಇದಕ್ಕೂ ಮೊದಲು ಸತತ ಸೋಲಿಗೆ ಹೆಸರಾಗಿದ್ದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. 44 ಪಂದ್ಯ. 1988ರ ಅಕ್ಟೋಬರ್ 8ರಂದು ಪ್ರಿನ್ಸ್‌ಟನ್ ಎದುರು 16–13ರಿಂದ ಗೆದ್ದಾಗ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ ಗೋಲ್ ಕಂಬ ಕಿತ್ತರು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ. ಕೊಲಂಬಿಯಾ ಇದ್ದ ಐವಿ ಲೀಗಿನಲ್ಲಿ ಕ್ರೀಡೆಗೆ ಅಂತ ಯಾರೂ ಸ್ಕಾಲರ್‌ಶಿಪ್ ಕೊಡಬಾರದು ಅನ್ನೋದು ನಿಯಮ, ಎಲ್ಲರಿಗೂ ಒಂದೇ. ಜೊತೆಗೆ ಅದು ದುಡ್ಡಿರೋ ಕಾಲೇಜು. ಸೋತರೂ ನಾಳೆಯ ಚಿಂತೆ ಇಲ್ಲ. ಪ್ರೇರಿ ವ್ಯೂನಲ್ಲಿ ಇಲ್ಲದಿದ್ದದ್ದು ಇವರಿಗೆ, ಇದ್ದದ್ದು ಎದುರಾಳಿಗೆ.

ಇನ್ನೊಂದು ವಿಚಿತ್ರ ನೋಡಿ. ಪ್ರೇರಿ ವ್ಯೂ ಇದ್ದ ಅದೇ ಲೀಗಿನಲ್ಲಿ ಗ್ರ್ಯಾಂಬ್ಲಿಂಗ್ ಕಾಲೇಜಿನ ಕೋಚ್ ಎಡ್ಡಿ ರಾಬಿನ್ಸನ್ ಇದ್ದರು. 1941ರಿಂದ 1997ರವರೆಗೆ ಒಂದೇ ಕಾಲೇಜು, 408 ಗೆಲುವು. ಆ ಕಾಲಕ್ಕೆ ಅತಿ ಹೆಚ್ಚು ಗೆದ್ದ ಕೋಚ್ ಮತ್ತು ಅತಿ ಹೆಚ್ಚು ಸೋತ ಟೀಮ್, ಎರಡೂ ಒಂದೇ ಲೀಗ್. ವರ್ಷಕ್ಕೊಮ್ಮೆ ಡಲ್ಲಸ್‌ನ ಕಾಟನ್ ಬೌಲ್ ಸ್ಟೇಡಿಯಂನಲ್ಲಿ, ರಾಜ್ಯದ ದೊಡ್ಡ ಜಾತ್ರೆಯ ಹೊತ್ತಲ್ಲಿ ಇಬ್ಬರೂ ಎದುರಾಗ್ತಿದ್ದರು.

ಇಡೀ ಕಾಲೇಜನ್ನ ಸೋತವರ ಕಾಲೇಜು ಅಂತ ಕರೆದರೆ ಅದೂ ಸುಳ್ಳು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ಅಥ್ಲೆಟಿಕ್ಸ್ ತಂಡದ ಮುಖ್ಯ ಕೋಚ್ ಬಾರ್ಬರಾ ಜಾಕೆಟ್ ಪ್ರೇರಿ ವ್ಯೂನವರು. ಅಲ್ಲಿ ಓದಿದ ಇಂಜಿನಿಯರ್‌ಗಳು, ನರ್ಸ್‌ಗಳು, ಮೇಷ್ಟ್ರುಗಳು ಎಷ್ಟೋ ಜನ.

ಆದರೆ ಪೇಪರಿಗೆ ಬೇಕಿದ್ದದ್ದು ಒಂದೇ. ಈ ವಾರ ಎಷ್ಟು?

ಭಾಗ 8/9

ಪ್ರೇರಿ ವ್ಯೂನಲ್ಲಿ ಒಂದು ಮಾತ್ರ ಸೋತಿರಲಿಲ್ಲ. ಬ್ಯಾಂಡ್.

ಮಾರ್ಚಿಂಗ್ ಸ್ಟಾರ್ಮ್ ಅಂತ ಹೆಸರು. ಕಪ್ಪು ಕಾಲೇಜುಗಳ ಪಂದ್ಯದಲ್ಲಿ ಹಾಫ್‌ಟೈಮ್ ಅಂದ್ರೆ ಟೀ ಕುಡಿಯೋ ಸಮಯ ಅಲ್ಲ. ಡೊಳ್ಳು ಕುಣಿತದವರು ಬಂದಾಗ ನಮ್ಮೂರ ಜನ ಹೇಗೆ ಎದ್ದು ನಿಲ್ತಾರೋ ಹಾಗೆ. ಎರಡೂ ಕಾಲೇಜಿನ ಬ್ಯಾಂಡುಗಳ ಮಧ್ಯೆ ಪೈಪೋಟಿ. ಸ್ಕೋರ್ ಎಷ್ಟೇ ಇರಲಿ, ಬ್ಯಾಂಡ್ ನೋಡೋಕೆ ಅಂತಾನೇ ಜನ ಬರ್ತಾರೆ.

1998ರ ಸೆಪ್ಟೆಂಬರ್ 19. ಊರು ಬೋಮಾಂಟ್. ಹೌದು, ಲೆವಿಯಸ್ ಅವರ ಊರು. ಎದುರಾಳಿ ಸದರ್ನ್ ವಿಶ್ವವಿದ್ಯಾಲಯ. ಹಾಫ್‌ಟೈಮಿನಲ್ಲಿ ಎರಡೂ ಬ್ಯಾಂಡಿನವರ ನಡುವೆ ಮೈದಾನದಲ್ಲೇ ಹೊಡೆದಾಟ ಆಯ್ತು. ಆಟಗಾರರಲ್ಲ, ವಾದ್ಯ ನುಡಿಸುವವರು! ಲೀಗ್ ಎರಡೂ ಬ್ಯಾಂಡುಗಳನ್ನ ಎರಡು ಪಂದ್ಯಕ್ಕೆ ಅಮಾನತು ಮಾಡಿತು.

ಪಂದ್ಯವನ್ನೂ ಪ್ರೇರಿ ವ್ಯೂ ಸೋತಿತು. ಅಂಥಾ ಗಳಿಗೆಯಲ್ಲಿ ಅವರ ಹತ್ತಿರ ಇದ್ದ ಒಂದೇ ಹೆಮ್ಮೆಗೂ ಬೀಗ ಬಿತ್ತು. ಲೆಕ್ಕ 80ಕ್ಕೆ ಬಂದು ನಿಂತಿತ್ತು.

ಸೆಪ್ಟೆಂಬರ್ 26, ಶನಿವಾರ. ಓಕ್ಲಹೋಮಾ ಸಿಟಿ. ಎದುರಾಳಿ ಲ್ಯಾಂಗ್‌ಸ್ಟನ್ ವಿಶ್ವವಿದ್ಯಾಲಯ, ಅದೂ ಒಂದು ಹಳೇ ಕಪ್ಪು ಕಾಲೇಜು. ಪ್ರೇರಿ ವ್ಯೂ ಕೋಚ್ ಗ್ರೆಗ್ ಜಾನ್ಸನ್. ಮನೆಯ ಮೈದಾನ ಅಲ್ಲ, ಬ್ಯಾಂಡ್ ಇಲ್ಲ.

ಪ್ರೇರಿ ವ್ಯೂ 14, ಲ್ಯಾಂಗ್‌ಸ್ಟನ್ 12.

ಎರಡೇ ಎರಡು ಅಂಕ. ಸುಮಾರು ಒಂಬತ್ತು ವರ್ಷ ಆದಮೇಲೆ.

ಈ ಹುಡುಗರಲ್ಲಿ ಮೊದಲ ವರ್ಷದವರು 1989ರಲ್ಲಿ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಓದ್ತಿದ್ದಿರಬೇಕು. ತಾವು ಶುರು ಮಾಡದ ಸೋಲನ್ನ ಅವರು ಮುಗಿಸಿದರು. 1991ರ ಹುಡುಗರು ತಾವು ಮಾಡದ ತಪ್ಪಿಗೆ ಸೋಲು ಹೊತ್ತಿದ್ದರು. ನನಗೆ ಈ ಎರಡು ಗುಂಪೂ ಒಂದೇ ಟೀಮ್ ಥರ ಕಾಣುತ್ತೆ. ಒಬ್ಬರು ನಿಲ್ಲಿಸದೆ ಹಿಡಿದುಕೊಂಡು ಬಂದದ್ದನ್ನ ಇನ್ನೊಬ್ಬರು ತೆಗೆದುಕೊಂಡು ದಡ ಸೇರಿಸಿದರು. ಮಧ್ಯದಲ್ಲಿ "ಸಾಕು, ಟೀಮ್ ಮುಚ್ಚಿಬಿಡಿ" ಅಂತ ಯಾರಾದ್ರೂ ಬರೆದು ಸಹಿ ಹಾಕಿದ್ದರೆ 14–12 ಅನ್ನೋದು ಇರ್ತಾನೇ ಇರಲಿಲ್ಲ.

ಭಾಗ 9/9

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗೀತಿತ್ತು. ಒಂದು ಗೆಲುವು, ಕಣ್ಣೀರು, ಹಾಡು.

ನಿಜದಲ್ಲಿ ಹಾಗೆ ಆಗಲಿಲ್ಲ. 1998ರ ನಂತರವೂ ವರ್ಷಗಟ್ಟಲೆ ಸೋಲೇ ಹೆಚ್ಚು. ಗೆಲುವು ಹೆಚ್ಚಿದ್ದ ಸೀಸನ್ ಬಂದದ್ದು 2007ರಲ್ಲಿ, 7 ಗೆಲುವು, 3 ಸೋಲು. 1976ರ ನಂತರ ಮೊದಲ ಸಲ. 2009ರಲ್ಲಿ ಹೆನ್ರಿ ಫ್ರೇಜರ್ ಕೋಚ್ ಆಗಿದ್ದಾಗ 9 ಗೆದ್ದು 1 ಸೋತು ಲೀಗ್ ಚಾಂಪಿಯನ್ ಆದರು. ಫೈನಲ್‌ನಲ್ಲಿ ಅಲಬಾಮಾ ಎ ಅಂಡ್ ಎಂ ಎದುರು 30–24. ಮೂರನೇ ಭಾಗದಲ್ಲಿ ಹೇಳಿದ್ದೆನಲ್ಲ, 1964ರಿಂದ 45 ವರ್ಷ ಅಂತ.

ಹುಡುಗರು ಬದಲಾದರು ಅನ್ನೋದು ಒಂದು ಕಾರಣ ಅಷ್ಟೇ. ಸ್ಕಾಲರ್‌ಶಿಪ್ ವಾಪಸ್ ಬಂತು, ಕ್ರೀಡಾ ವಿಭಾಗಕ್ಕೆ ದುಡ್ಡು ಬಂತು. ಬಂಡವಾಳ ಬಂದಮೇಲೆ ಲಾಭ ಬಂತು. ಬೇರೆ ಮಾಯಾಜಾಲ ಏನೂ ಇಲ್ಲ.

ಹಾಗಾಗಿ ಈ ಸರಣಿ ಬರೆದು ನನಗೆ ಅರ್ಥ ಆದದ್ದು ಇಷ್ಟು. ಸೋಲನ್ನ ಬರೆಯೋದು ಯಾವಾಗಲೂ ಆಡಿದವರ ಹೆಸರಲ್ಲಿ. 0–11 ಅನ್ನೋದರ ಕೆಳಗೆ 1991ರ ಹುಡುಗರ ಹೆಸರಿದೆ. ಪಾಲು ಕೊಡದ ನೂರಾ ಎಂಟು ವರ್ಷದ ಹೆಸರಿಲ್ಲ, ಲೆಕ್ಕ ಕೆಡಿಸಿದವರ ಹೆಸರಿಲ್ಲ, ಸ್ಕಾಲರ್‌ಶಿಪ್ ತೆಗೆದವರ ಹೆಸರೂ ಇಲ್ಲ. ಸ್ಕೋರ್‌ಬೋರ್ಡಲ್ಲಿ ಅದಕ್ಕೆಲ್ಲ ಜಾಗ ಇರಲ್ಲ. ಚರಿತ್ರೆಯಲ್ಲಿ ಇದೆ. ನಾವು ಹುಡುಕಿ ಬರೆದರೆ.

ಸೋತ ಟೀಮನ್ನ ಕಂಡಾಗ "ಇವರ ಕೈಲಾಗಲ್ಲ" ಅನ್ನೋ ಮೊದಲು ಒಂದು ನಿಮಿಷ ಹಿಂದಿನ ಪುಟ ತಿರುಗಿಸಿ. ಅದು ಆಟದ ಟೀಮೇ ಆಗಬೇಕಿಲ್ಲ. ರಿಸಲ್ಟ್ ಕಮ್ಮಿ ಬಂದ ಸರ್ಕಾರಿ ಶಾಲೆ ಇರಬಹುದು, ನಿಮ್ಮ ಬೀದಿಯಲ್ಲಿ ಬಾಗಿಲು ಹಾಕಿದ ಅಂಗಡಿ ಇರಬಹುದು. ತಪ್ಪು ಅವರದ್ದೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಅವರದ್ದು ಎಷ್ಟು, ಬೇರೆಯವರದ್ದು ಎಷ್ಟು ಅಂತ ಬೇರೆ ಬೇರೆ ಮಾಡಿ ಬರೀಬೇಕು. ಎಲ್ಲವನ್ನೂ ಒಂದೇ ಖಾತೆಗೆ ಹಾಕಿದರೆ ನಮ್ಮ ಮೇಷ್ಟ್ರು ಸೊನ್ನೆ ಕೊಡ್ತಾರೆ.

ನಿನ್ನೆ ರಾತ್ರಿ ಈ ಒಂಬತ್ತೂ ಭಾಗವನ್ನ ನಮ್ಮ ಗೋಲ್‌ಕೀಪರ್‌ಗೆ ಕಳಿಸಿದೆ. ಬಸ್ಸಲ್ಲಿ ಕೇಳಿದ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ ಅಂತ ಅಂದ್ಕೊಳ್ಳಲಿ ಅಂತ. ಓದಿದ್ದಾನೆ, ಎರಡು ನೀಲಿ ಗೆರೆ ಬಂತು. ಬಹಳ ಹೊತ್ತು ಏನೂ ಬರೀಲಿಲ್ಲ. ಆಮೇಲೆ ಒಂದೇ ಸಾಲು ಬಂತು.

"92 ಬಿಟ್ರೂ ಮತ್ತೆ ಬಸ್ ಹತ್ತಿದ್ರಾ? ನಾನು ಬಿಟ್ಟಿದ್ದು ನಾಲ್ಕು ಮ್ಯಾಚಲ್ಲಿ ಬರೀ ಹದಿನಾಲ್ಕು ಗೋಲು ಕಣೋ."

ಸೋಮವಾರದಿಂದ ಮತ್ತೆ ಪ್ರಾಕ್ಟೀಸ್ ಅಂತೆ, ಸಂಜೆ ಐದಕ್ಕೆ. ಬಾಲು ಇನ್ನೂ ಎರಡೇ. ಮೂರನೇದಕ್ಕೆ ನಾವು ಕ್ಲಾಸಿನವರು ಸೇರಿ ದುಡ್ಡು ಹಾಕ್ತಿದ್ದೀವಿ.

ನಿಮ್ಮ ಕಾಲೇಜಲ್ಲೂ ಹೀಗೆ ಸೋತು ಸೋತೂ ಬಿಡದೆ ಆಡಿದ ಟೀಮ್ ಇದ್ದರೆ ಕೆಳಗೆ ಹೇಳಿ. ಯಾರಾದ್ರೂ ಒಬ್ಬರು ಬರೆದಿಡಬೇಕಲ್ಲ.

#ಚರಿತ್ರೆ #ಕಾಲೇಜುಕಥೆ #ಸೋಲಿನಲೆಕ್ಕ #ಕನ್ನಡದಲ್ಲಿಓದಿ